ತಂಡದ ಕೋಚ್, ಸಂಸ್ಥೆಯ ಕೋಚ್: ಶುಲ್ಕ ತೆರುವ ಮುನ್ನ

ಕಾರ್ಖಾನೆಗಳ ಬಾಗಿಲಿಗೆ ಬರುವ ಸಲಹೆಗಾರರ ಪರಿಚಯ ಪತ್ರಗಳಲ್ಲಿ ಹೊಸದೊಂದು ಪದನಾಮ ಕಾಣಿಸಿಕೊಳ್ಳತೊಡಗಿದೆ: ಅಜೈಲ್ ಕೋಚ್. ಐಎಸ್ಒ ಸಲಹೆಗಾರರನ್ನೂ ಇಆರ್‌ಪಿ ಮಾರಾಟಗಾರರನ್ನೂ ಕಂಡು ಬೇಸತ್ತಿರುವ ಉದ್ದಿಮೆದಾರರಿಗೆ ಇವರೂ ಅದೇ ಸಾಲಿನವರೆಂದು ತೋರುವುದು ಸಹಜ. ಆದರೆ ಇವರ ಪ್ರಸ್ತಾವಗಳನ್ನು ಬಿಡಿಸಿ ಓದಿದಾಗ ಒಂದು ಗೊಂದಲ ಎದುರಾಗುತ್ತದೆ. ಒಬ್ಬರು ಕಾರ್ಮಿಕರು ಹಾಗೂ ಮೇಲ್ವಿಚಾರಕರ ನಡುವೆ ನಿಂತು ಕೆಲಸ ಮಾಡುವುದಾಗಿ ಹೇಳುತ್ತಾರೆ. ಮತ್ತೊಬ್ಬರು ಅದೇ ಪದನಾಮದಲ್ಲಿ ಮಾಲೀಕರು ಹಾಗೂ ನಿರ್ದೇಶಕರ ಜೊತೆ ಕುಳಿತು ಮಾತನಾಡುವುದಾಗಿ ಹೇಳುತ್ತಾರೆ. ಮೊದಲನೆಯವರು ತಂಡದ ಮಟ್ಟದ ಕೋಚ್, ಎರಡನೆಯವರು ಸಂಸ್ಥೆಯ ಮಟ್ಟದ ಕೋಚ್. ಈ ಎರಡರ ನಡುವಣ ವ್ಯತ್ಯಾಸವನ್ನು ಅರಿಯದೆ ಒಪ್ಪಂದಕ್ಕೆ ಸಹಿ ಹಾಕಿದ ಉದ್ದಿಮೆದಾರರು ಆರು ತಿಂಗಳ ಶುಲ್ಕವನ್ನು ಕಳೆದುಕೊಳ್ಳುವುದಲ್ಲದೆ, ಕೆಲಸಗಾರರ ಉತ್ಸಾಹವನ್ನೂ ಕಳೆದುಕೊಳ್ಳುತ್ತಾರೆ. ಶುಲ್ಕದ ನಷ್ಟ ಆ ವರ್ಷದ ಲೆಕ್ಕದಲ್ಲಿ ಮುಗಿಯುತ್ತದೆ. ಉತ್ಸಾಹದ ನಷ್ಟ ಹಲವು ವರ್ಷ ಮುಂದುವರಿಯುತ್ತದೆ.

ಪದದ ಹಿನ್ನೆಲೆ

ಅಜೈಲ್ ಎಂದರೆ ಚುರುಕು ಎಂದರ್ಥ. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಗಿರಿಧಾಮದಲ್ಲಿ 17 ಮಂದಿ ಸಾಫ್ಟ್‌ವೇರ್ ತಜ್ಞರು ಸೇರಿ ಒಂದು ಪುಟ್ಟ ಘೋಷಣೆಯನ್ನು ಹೊರಡಿಸಿದರು. ವರ್ಷಗಟ್ಟಲೆ ಯೋಜನೆ ಹಾಕಿ ಕೊನೆಗೆ ಒಮ್ಮೆಲೇ ಕೆಲಸವನ್ನು ಒಪ್ಪಿಸುವ ಬದಲು, ಕೆಲವು ವಾರಗಳಿಗೊಮ್ಮೆ ಬಳಕೆಗೆ ಯೋಗ್ಯವಾದ ಒಂದು ಭಾಗವನ್ನು ಗ್ರಾಹಕನ ಮುಂದಿಟ್ಟು, ಅವನ ಅಭಿಪ್ರಾಯವನ್ನು ಅನುಸರಿಸಿ ಮುಂದಿನ ಭಾಗವನ್ನು ರೂಪಿಸುವುದು ಅದರ ಸಾರ.

ಈ ವಿಚಾರ ಸಾಫ್ಟ್‌ವೇರ್ ಕ್ಷೇತ್ರದ ಸ್ವಂತ ಸೃಷ್ಟಿಯೇನಲ್ಲ. ಜಪಾನಿನ ವಿದ್ವಾಂಸರಾದ ಹಿರೊಟಾಕ ಟಕೆಉಚಿ ಮತ್ತು ಇಕುಜಿರೊ ನೊನಾಕ ಅವರು 1986ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ಹೋಂಡಾ, ಕ್ಯಾನನ್, ಫ್ಯೂಜಿ-ಜೆರಾಕ್ಸ್ ಮೊದಲಾದ ತಯಾರಿಕಾ ಸಂಸ್ಥೆಗಳು ಹೊಸ ಸರಕನ್ನು ರೂಪಿಸುವ ರೀತಿಯನ್ನು ರಗ್ಬಿ ಆಟಕ್ಕೆ ಹೋಲಿಸಿದ್ದರು. ಆ ಆಟದ 'ಸ್ಕ್ರಮ್' ಎಂಬ ಪದವನ್ನೇ ಹೆಸರಾಗಿಸಿಕೊಂಡು ಜೆಫ್ ಸದರ್ಲೆಂಡ್ ಮತ್ತು ಕೆನ್ ಶ್ವಾಬರ್ ಅವರು 1995ರಲ್ಲಿ ತಮ್ಮ ಕಾರ್ಯವಿಧಾನವನ್ನು ಮಂಡಿಸಿದರು. ಕಾರ್ಖಾನೆಯಿಂದ ಹೊರಟ ವಿಚಾರವೇ ಕಂಪ್ಯೂಟರ್ ಕೋಣೆಗಳನ್ನು ಸುತ್ತಿ ಮರಳಿ ಕಾರ್ಖಾನೆಗೆ ಬಂದಿದೆ. ದಾರಿಯಲ್ಲಿ ಅದರ ಬೆಲೆ ಏರಿದೆ, ಅಷ್ಟೆ.

ಸ್ಕ್ರಮ್ ವಿಧಾನದ ಕೈಪಿಡಿಯನ್ನು ಅದರ ಕರ್ತೃಗಳೇ 2010ರಲ್ಲಿ ಮೊದಲ ಬಾರಿಗೆ ಪ್ರಕಟಿಸಿ, 2020ರಲ್ಲಿ ಪರಿಷ್ಕರಿಸಿದರು. ಅದರ ಪ್ರಕಾರ ಸ್ಕ್ರಮ್ ಮಾಸ್ಟರ್ ಎಂಬ ಒಬ್ಬನೇ ವ್ಯಕ್ತಿ ತಂಡಕ್ಕೂ ಮಾರ್ಗದರ್ಶಕ, ಇಡೀ ಸಂಸ್ಥೆಗೂ ಮಾರ್ಗದರ್ಶಕ. ಕಾಗದದ ಮೇಲೆ ಇದು ಸರಳವಾಗಿದೆ. ಆದರೆ ತಂಡದ ಜೊತೆ ದಿನವಿಡೀ ಕೆಲಸ ಮಾಡುವ ಮಧ್ಯಮ ಶ್ರೇಣಿಯ ಉದ್ಯೋಗಿಯೊಬ್ಬ ಹಣಕಾಸು ನಿರ್ದೇಶಕರ ಕೋಣೆಗೆ ಹೋಗಿ, 'ನಿಮ್ಮ ಮಂಜೂರಾತಿ ನಿಯಮದಿಂದಲೇ ಕೆಲಸ ನಿಲ್ಲುತ್ತಿದೆ' ಎಂದು ಹೇಳುವುದು ಎಷ್ಟು ಸಂಸ್ಥೆಗಳಲ್ಲಿ ಸಾಧ್ಯ? ಆದಕಾರಣ ವ್ಯವಹಾರದಲ್ಲಿ ಈ ಒಂದು ಹೊಣೆ ಎರಡಾಗಿ ಸೀಳಿತು. ಅಮೆರಿಕದ ಸ್ಕ್ರಮ್ ಅಲಯನ್ಸ್ ಎಂಬ ಪ್ರಮಾಣೀಕರಣ ಸಂಸ್ಥೆಯು ತಂಡದ ಕೋಚ್‌ಗೆ ಒಂದು, ಸಂಸ್ಥೆಯ ಕೋಚ್‌ಗೆ ಮತ್ತೊಂದು ಎಂದು ಬೇರೆ ಬೇರೆ ಪ್ರಮಾಣಪತ್ರಗಳನ್ನೇ ರೂಪಿಸಿತು.

ಇಬ್ಬರ ಕೆಲಸ

ತಂಡದ ಕೋಚ್ ಒಂದೆರಡು ತಂಡಗಳ ಜೊತೆ ಇರುತ್ತಾನೆ. ಒಂದು ತಂಡದಲ್ಲಿ ಹತ್ತಕ್ಕೆ ಮೀರದ ಸದಸ್ಯರು. ಬೆಳಿಗ್ಗೆ ಹಲಗೆಯ ಮುಂದೆ ನಿಂತು 15 ನಿಮಿಷಗಳ ಸಭೆ. ಎರಡು ವಾರಗಳಿಗೊಮ್ಮೆ ಮುಗಿದ ಕೆಲಸದ ಪ್ರದರ್ಶನ. ಅನಂತರ, 'ಈ ಎರಡು ವಾರಗಳಲ್ಲಿ ಯಾವುದು ಅಡ್ಡಿಯಾಯಿತು' ಎಂಬ ಬಗ್ಗೆ ಮನಬಿಚ್ಚಿದ ಮಾತುಕತೆ. ಒಬ್ಬನ ಕೈಯಲ್ಲಿ ಐದು ಕೆಲಸಗಳು ಅರ್ಧಂಬರ್ಧ ಉಳಿಯದಂತೆ, ಹಿಡಿದ ಕೆಲಸ ಮುಗಿದ ಮೇಲೆಯೇ ಮತ್ತೊಂದನ್ನು ಹಿಡಿಯುವಂತೆ ಅಭ್ಯಾಸ ಮಾಡಿಸುವುದು ಅವನ ಮುಖ್ಯ ಹೊಣೆ. ಅವನಿಲ್ಲದ ದಿನವೂ ಬೆಳಗಿನ ಸಭೆ ತಾನಾಗಿ ನಡೆಯತೊಡಗಿದರೆ ಅವನ ಕೆಲಸ ಫಲಿಸಿದೆ ಎಂದರ್ಥ. ಹಾಗಾಗದಿದ್ದಲ್ಲಿ ಅವನು ಕ್ರಮೇಣ ಸಭೆ ಕರೆಯುವ ಗುಮಾಸ್ತನಾಗಿ ಉಳಿಯುವ ಅಪಾಯವಿದೆ.

ಸಂಸ್ಥೆಯ ಕೋಚ್‌ನ ಶಿಷ್ಯರು ಬೇರೆ. ಮಾಲೀಕರು, ನಿರ್ದೇಶಕರು, ಖರೀದಿ ವಿಭಾಗದ ಮುಖ್ಯಸ್ಥರು, ಸಿಬ್ಬಂದಿ ವ್ಯವಸ್ಥಾಪಕರು ಹಾಗೂ ಲೆಕ್ಕಪತ್ರ ವಿಭಾಗದವರು ಅವನ ತರಗತಿಯಲ್ಲಿ ಕೂರಬೇಕಾದವರು. ಅವನು ಕೇಳುವ ಪ್ರಶ್ನೆಗಳು ಅಹಿತಕರವಾಗಿರುತ್ತವೆ. ಐದು ಸಾವಿರ ರೂಪಾಯಿಯ ಉಪಕರಣಕ್ಕೆ ಮೂರು ಸಹಿಗಳೇಕೆ? ವರ್ಷಕ್ಕೊಮ್ಮೆ ಬರೆದ ಆಯವ್ಯಯ ಹನ್ನೆರಡು ತಿಂಗಳು ಅಲುಗಾಡಬಾರದೇಕೆ? ತಂಡವಾಗಿ ಕೆಲಸ ಮಾಡಿರೆಂದು ಹೇಳುತ್ತಲೇ ಬೋನಸ್ಸನ್ನು ಬಿಡಿ ವ್ಯಕ್ತಿಯ ಉತ್ಪಾದನೆಗೆ ಕಟ್ಟಿರುವುದೇಕೆ? ಅವನ ಕೆಲಸದ ಫಲ ಕಾಣಲು ತಿಂಗಳುಗಳು ಬೇಕು, ಅದನ್ನು ಅಳೆಯುವುದೂ ಕಷ್ಟ. ಈ ಕಾರಣದಿಂದಲೇ ಹಲವರು ಅಂದವಾದ ಸ್ಲೈಡ್‌ಗಳನ್ನು ತೋರಿಸಿ ಶುಲ್ಕ ಪಡೆದು ಹೋಗಲು ಅವಕಾಶವಾಗುತ್ತದೆ.

ಇಬ್ಬರ ನಡುವಣ ನಿಜವಾದ ಅಂತರ ಅನುಭವದ ವರ್ಷಗಳಲ್ಲಿಯಾಗಲಿ ಪ್ರಮಾಣಪತ್ರದಲ್ಲಿಯಾಗಲಿ ಇಲ್ಲ. ಅದು ಅಧಿಕಾರದ ಗಡಿಯಲ್ಲಿದೆ. ತಂಡದ ಕೈಯಲ್ಲಿರುವ ಸಂಗತಿಗಳನ್ನು ಮಾತ್ರ ತಂಡದ ಕೋಚ್ ಸರಿಪಡಿಸಬಲ್ಲ. ತಂಡದ ಕೈಯಲ್ಲಿ ಏನಿರಬೇಕೆಂಬುದನ್ನು ನಿರ್ಧರಿಸುವವರ ಜೊತೆ ಸಂಸ್ಥೆಯ ಕೋಚ್ ಕೆಲಸ ಮಾಡುತ್ತಾನೆ.

ಒಂದು ಕಾಲ್ಪನಿಕ ಲೆಕ್ಕ

ಅಂಕಿಗಳಲ್ಲಿ ನೋಡಿದರೆ ಇದು ಹೆಚ್ಚು ಸ್ಪಷ್ಟವಾಗುತ್ತದೆ. ಉದಾಹರಣೆಗಾಗಿ, 40 ಕೆಲಸಗಾರರಿರುವ, ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಘಟಕವೊಂದನ್ನು ಕಲ್ಪಿಸಿಕೊಳ್ಳಬಹುದು. ಆರ್ಡರ್ ಬಂದ ದಿನದಿಂದ ಸರಕು ಹೊರಡುವವರೆಗೆ 32 ದಿನಗಳು. ನಕ್ಷೆಯ ಸಂದೇಹಗಳನ್ನು ಬಗೆಹರಿಸಿ ಆರ್ಡರನ್ನು ಖಚಿತಪಡಿಸಲು 4 ದಿನ. ಕಚ್ಚಾ ಸಾಮಗ್ರಿಯ ಖರೀದಿಗೆ 9 ದಿನ. ಯಂತ್ರದಿಂದ ಯಂತ್ರಕ್ಕೆ ಸರದಿ ಕಾಯಲು 10 ದಿನ. ಯಂತ್ರಗಳ ಮೇಲಿನ ನಿಜವಾದ ಕೆಲಸ ಕೇವಲ 3 ದಿನ. ಲೇಪನಕ್ಕಾಗಿ ಹೊರಗಿನ ಜಾಬ್‌ವರ್ಕ್‌ಗೆ 4 ದಿನ. ತಪಾಸಣೆ, ಬಿಲ್ಲು ಹಾಗೂ ರವಾನೆಗೆ 2 ದಿನ. ದೊಡ್ಡ ಗ್ರಾಹಕನೊಬ್ಬ ಮುಂದಿನ ವರ್ಷದಿಂದ 21 ದಿನಗಳಲ್ಲಿ ಸರಕು ಬೇಕೆಂದು ಪತ್ರ ಬರೆದಿದ್ದಾನೆ.

ಮಾಲೀಕರು ತಂಡದ ಕೋಚ್‌ನನ್ನು ನೇಮಿಸುತ್ತಾರೆ. ಅವನು ಕೆಲಸದ ಹಲಗೆಯನ್ನು ತೂಗುಹಾಕಿಸುತ್ತಾನೆ, ಸರದಿಯನ್ನು ಕಣ್ಣಿಗೆ ಕಾಣುವಂತೆ ಮಾಡುತ್ತಾನೆ, ಒಂದು ಯಂತ್ರದಲ್ಲಿ ಸರಕು ರಾಶಿ ಬಿದ್ದಾಗ ಪಕ್ಕದವನು ನೆರವಿಗೆ ಬರುವಂತೆ ಅಭ್ಯಾಸ ಮಾಡಿಸುತ್ತಾನೆ. ಕಾಯುವ 10 ದಿನ 5ಕ್ಕೆ ಇಳಿಯುತ್ತದೆ. ಇದು ಸಣ್ಣ ಸಾಧನೆಯಲ್ಲ. ಆದರೂ ಒಟ್ಟು ಅವಧಿ ಇನ್ನೂ 27 ದಿನ. ಗ್ರಾಹಕನ 21 ದಿನಗಳ ಗಡುವಿಗೆ ತಂಡ ಎಷ್ಟು ದುಡಿದರೂ ತಲುಪಲಾರದು. ಯಂತ್ರದ ಕೆಲಸದ 3 ದಿನಗಳನ್ನು ಸೊನ್ನೆಗೆ ಇಳಿಸಿದರೂ 24 ದಿನಗಳಾಗುತ್ತವೆ.

ಉಳಿದ ದಿನಗಳು ಎಲ್ಲಿವೆ? ಖರೀದಿಯ 9 ದಿನಗಳ ಪೈಕಿ ಸಾಮಗ್ರಿ ಸಾಗಿ ಬರಲು ಬೇಕಾದುದು 3 ದಿನ ಮಾತ್ರ. ಉಳಿದ 6 ದಿನಗಳು ಮೂರು ದರಪಟ್ಟಿಗಳನ್ನು ತರಿಸುವುದರಲ್ಲಿ, ಅವು ಮಾಲೀಕರ ಮೇಜಿನ ಮೇಲೆ ಸಹಿಗಾಗಿ ಕಾಯುವುದರಲ್ಲಿ ಕಳೆಯುತ್ತವೆ. ಮಾಲೀಕರು ವಸ್ತುಪ್ರದರ್ಶನಕ್ಕೆಂದು ಪರಊರಿಗೆ ಹೋದರೆ ಅದು 8 ದಿನವೂ ಆಗಬಹುದು. ಲೇಪನದ 4 ದಿನಗಳ ಕಥೆಯೂ ಹೀಗೆಯೇ: ಸಾಗಣೆ ವೆಚ್ಚ ಉಳಿಸಲೆಂದು ಗಾಡಿ ತುಂಬುವವರೆಗೆ ಸರಕನ್ನು ಕಳುಹಿಸಬಾರದೆಂಬ ಹಳೆಯ ಆದೇಶವಿದೆ. ನಿಯತವಾಗಿ ಕೊಳ್ಳುವ ಸಾಮಗ್ರಿಗೆ ವಾರ್ಷಿಕ ದರ ಒಪ್ಪಂದ ಮಾಡಿಕೊಂಡು, ನಿಗದಿತ ಮೊತ್ತದೊಳಗಿನ ಖರೀದಿಯನ್ನು ಮೇಲ್ವಿಚಾರಕನಿಗೇ ಬಿಟ್ಟರೆ ಆ 6 ದಿನ 1 ದಿನವಾಗುತ್ತದೆ. ಅರ್ಧ ಗಾಡಿಯಾದರೂ ದಿನ ಬಿಟ್ಟು ದಿನ ಕಳುಹಿಸಿದರೆ ಲೇಪನದ 4 ದಿನ 2 ಆಗುತ್ತದೆ. ಒಟ್ಟು ಅವಧಿ 20 ದಿನಕ್ಕೆ ಬಂದು ನಿಲ್ಲುತ್ತದೆ. ಈ ಎರಡೂ ನಿರ್ಧಾರಗಳು ತಂಡದವಲ್ಲ, ಮಾಲೀಕರವು. ತಂಡದ ಕೋಚ್ ಅವುಗಳನ್ನು ತನ್ನ ವರದಿಯಲ್ಲಿ ಬರೆಯಬಹುದು. ಆದರೆ ಆ ವರದಿಯೂ ಅದೇ ಮೇಜಿನ ಮೇಲೆ ಸಹಿಗಾಗಿ ಕಾಯುತ್ತದೆ.

ಇನ್ನು ಹಣದ ಲೆಕ್ಕ. ಪ್ರತಿ ದಿನ ಸರಾಸರಿ 75,000 ರೂ. ಸರಕಿನ ರೂಪದಲ್ಲಿ ಕಾರ್ಖಾನೆಯೊಳಗೆ ಸಿಲುಕುತ್ತದೆ ಎಂದಿಟ್ಟುಕೊಂಡರೆ, ಉಳಿತಾಯವಾದ 12 ದಿನಗಳಿಗೆ 9 ಲಕ್ಷ ರೂ. ಬಿಡುಗಡೆಯಾಗುತ್ತದೆಂದು ಪ್ರಸ್ತಾವಪತ್ರದಲ್ಲಿ ಬರೆದುಕೊಡುವವರುಂಟು. ಇದು ತಪ್ಪು. ಖರೀದಿ ಮಂಜೂರಾತಿಯಲ್ಲಿ ಉಳಿದ 5 ದಿನಗಳಲ್ಲಿ ಸಾಮಗ್ರಿ ಇನ್ನೂ ಕಾರ್ಖಾನೆಗೆ ಬಂದೇ ಇಲ್ಲ. ಆಗ ಸಿಲುಕಿದ ಹಣವೂ ಇಲ್ಲ. ನಿಜವಾಗಿ ಬಿಡುಗಡೆಯಾಗುವುದು 7 ದಿನಗಳ ಹಣ, ಅಂದರೆ 5.25 ಲಕ್ಷ ರೂ. ಶೇ. 11ರ ಬಡ್ಡಿದರದಲ್ಲಿ ವರ್ಷಕ್ಕೆ 57,750 ರೂ. ಉಳಿತಾಯ. ಇದರಲ್ಲಿ 41,250 ರೂ. ತಂಡದ ಕೋಚ್ ತಂದ 5 ದಿನಗಳದ್ದು. ಸಂಸ್ಥೆಯ ಮಟ್ಟದ ಬದಲಾವಣೆ ತಂದುಕೊಟ್ಟ ಬಡ್ಡಿಯ ಉಳಿತಾಯ ಕೇವಲ 16,500 ರೂ. ಬಡ್ಡಿಯೊಂದನ್ನೇ ನೋಡಿದರೆ ಸಂಸ್ಥೆಯ ಕೋಚ್ ದಂಡದ ಬಾಬ್ತು. ಆದರೆ ದೊಡ್ಡ ಗ್ರಾಹಕನನ್ನು ಉಳಿಸಿದ್ದು ಆ ಕೊನೆಯ 7 ದಿನಗಳು. ಆದುದರಿಂದ ಯಾವ ಗ್ರಾಹಕನಿಗಾಗಿ, ಯಾವ ಗಡುವಿಗಾಗಿ ಈ ವೆಚ್ಚ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳದೆ ಕೋಚ್‌ನನ್ನು ನೇಮಿಸುವುದು ವ್ಯಾಪಾರವೆನಿಸುವುದಿಲ್ಲ.

ಬ್ಯಾಂಕೂ ಲೆಕ್ಕಪತ್ರವೂ ಒಡ್ಡುವ ತೊಡಕು

ಕೋಚ್‌ಗಳ ಪ್ರಸ್ತಾವಗಳಲ್ಲಿ ಸಾಮಾನ್ಯವಾಗಿ ಕಾಣದ ಎರಡು ಸಂಗತಿಗಳನ್ನು ಇಲ್ಲಿ ಹೇಳಬೇಕಾಗಿದೆ. ಮೊದಲನೆಯದು ನಗದು ಸಾಲದ ವಿಚಾರ. ಬ್ಯಾಂಕು ಮಂಜೂರು ಮಾಡಿದ ಮಿತಿಯೊಳಗೆ ಎಷ್ಟು ಹಣ ಸೆಳೆಯಬಹುದೆಂಬುದು ಪ್ರತಿ ತಿಂಗಳು ಸಲ್ಲಿಸುವ ದಾಸ್ತಾನು ಹಾಗೂ ಬಾಕಿದಾರರ ವಿವರಪಟ್ಟಿಯನ್ನು ಅವಲಂಬಿಸಿದೆ. ದಾಸ್ತಾನು 5.25 ಲಕ್ಷ ರೂ. ಇಳಿದರೆ, ಶೇ. 25ರ ಮಾರ್ಜಿನ್ ಕಳೆದು, ಸೆಳೆಯುವ ಮಿತಿ ಸುಮಾರು 3.94 ಲಕ್ಷ ರೂ. ಇಳಿಯುತ್ತದೆ. ಬಿಡುಗಡೆಯಾದ ಹಣವನ್ನು ಸಾಲದ ಖಾತೆಗೇ ಕಟ್ಟಿದ್ದರೆ ತೊಂದರೆಯಿಲ್ಲ. ಅದನ್ನು ಹೊಸ ಯಂತ್ರದ ಮುಂಗಡಕ್ಕೋ ಮನೆಯ ಖರ್ಚಿಗೋ ತಿರುಗಿಸಿದ್ದರೆ ಖಾತೆ ಮಿತಿ ಮೀರಿ ಬ್ಯಾಂಕಿನಿಂದ ದೂರವಾಣಿ ಬರುತ್ತದೆ. ಆಗ ಮಾಲೀಕರು ಗಾಬರಿಗೊಂಡು ಮತ್ತೆ ದಾಸ್ತಾನು ಬೆಳೆಸಲು ಆದೇಶಿಸುವ ಸಾಧ್ಯತೆಯುಂಟು. ತಂಡ ಆರು ತಿಂಗಳು ಶ್ರಮಿಸಿ ತಗ್ಗಿಸಿದ್ದನ್ನು ಒಂದು ದೂರವಾಣಿ ಕರೆ ಮರಳಿ ಏರಿಸುತ್ತದೆ.

ಎರಡನೆಯದು ಲಾಭದ ಅಂಕಿ. ಲೆಕ್ಕಪತ್ರ ಮಾನಕ 2ರ ಪ್ರಕಾರ ತಯಾರಾದ ಮತ್ತು ಅರೆತಯಾರಾದ ಸರಕಿನ ಮೌಲ್ಯದಲ್ಲಿ ಕಾರ್ಖಾನೆಯ ಸ್ಥಿರ ವೆಚ್ಚಗಳ ಪಾಲೂ ಸೇರಿರುತ್ತದೆ. ದಾಸ್ತಾನು ಕರಗಿದ ವರ್ಷದಲ್ಲಿ, ಹಿಂದೆ ದಾಸ್ತಾನಿನೊಳಗೆ ಅಡಗಿದ್ದ ಆ ವೆಚ್ಚ ಲಾಭ-ನಷ್ಟದ ಲೆಕ್ಕಕ್ಕೆ ಬಂದು ಬೀಳುತ್ತದೆ. ಅಂದರೆ ಕಾರ್ಖಾನೆ ಸುಧಾರಿಸಿದ ವರ್ಷದಲ್ಲಿಯೇ ಕಾಗದದ ಮೇಲಿನ ಲಾಭ ತುಸು ಕುಗ್ಗಿ ಕಾಣುತ್ತದೆ. ಇದು ಒಂದೇ ವರ್ಷದ ಮಾತು. ಆದರೆ ಇದನ್ನು ಮುಂಚಿತವಾಗಿ ಪಾಲುದಾರರಿಗೂ ಬ್ಯಾಂಕಿಗೂ ತಿಳಿಸದಿದ್ದರೆ, 'ಕೋಚ್ ಬಂದ ಮೇಲೆ ಲಾಭ ಇಳಿಯಿತು' ಎಂಬ ಮಾತು ಹುಟ್ಟಿಕೊಳ್ಳುತ್ತದೆ. ಈ ಎರಡೂ ತೊಡಕುಗಳು ತಂಡದ ಕೋಚ್‌ನ ಅಳವಿಗೆ ಮೀರಿದವು. ಸಂಸ್ಥೆಯ ಕೋಚ್‌ಗೆ ಇವುಗಳ ಪರಿವೆಯಿದೆಯೇ ಎಂದು ಮೊದಲ ಭೇಟಿಯಲ್ಲಿಯೇ ಕೇಳಿ ನೋಡಬಹುದು. ಉತ್ತರದಲ್ಲಿ ತಡವರಿಸುವವರು ಸಂಸ್ಥೆಯ ಮಟ್ಟಕ್ಕೆ ಇನ್ನೂ ಏರಿಲ್ಲ.

ಫ್ರೆಮಾಂಟ್ ಮತ್ತು ವ್ಯಾನ್ ನೈಸ್

ಅಜೈಲ್ ಎಂಬ ಹೆಸರು ಹುಟ್ಟುವ ಮೊದಲೇ ಈ ಎರಡು ಮಟ್ಟಗಳ ಅಂತರವನ್ನು ಎತ್ತಿ ತೋರಿಸಿದ ಕಾರ್ಖಾನೆಯೊಂದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೆಮಾಂಟ್‌ನಲ್ಲಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆ ಕಳಪೆ ಗುಣಮಟ್ಟಕ್ಕೂ ಕಾರ್ಮಿಕ ಕಲಹಕ್ಕೂ ಹೆಸರಾಗಿ 1982ರಲ್ಲಿ ಮುಚ್ಚಿತು. ಟೊಯೋಟಾ ಮತ್ತು ಜನರಲ್ ಮೋಟಾರ್ಸ್ ಜಂಟಿಯಾಗಿ 1984ರಲ್ಲಿ ಅದನ್ನು 'ನುಮ್ಮಿ' ಎಂಬ ಹೆಸರಿನಲ್ಲಿ ಮತ್ತೆ ತೆರೆದವು. ಕೆಲಸಗಾರರಲ್ಲಿ ಬಹುಪಾಲು ಹಳೆಯವರೇ, ಅವರ ಸಂಘವೂ ಹಳೆಯದೇ. ಅವರ ಪೈಕಿ ನೂರಾರು ಮಂದಿ ತಂಡನಾಯಕರನ್ನು ಜಪಾನಿನ ಟಕಾವೊಕಾ ಕಾರ್ಖಾನೆಗೆ ಕಳುಹಿಸಿ, ಅಲ್ಲಿನ ಅನುಭವಿಗಳ ಪಕ್ಕದಲ್ಲಿ ನಿಲ್ಲಿಸಿ ಕಲಿಸಲಾಯಿತು. ದೋಷ ಕಂಡ ಯಾವ ಕೆಲಸಗಾರನಾದರೂ ಹಗ್ಗ ಎಳೆದರೆ ತಂಡನಾಯಕ ಓಡಿ ಬರಬೇಕು, ಅಗತ್ಯವಾದರೆ ಇಡೀ ಸಾಲು ನಿಲ್ಲಬೇಕು. ಹಳೆಯ ಕಾರ್ಖಾನೆಯಲ್ಲಿ ಶೇ. 20ರಷ್ಟಿದ್ದ ಗೈರುಹಾಜರಿ ಶೇ. 2ರ ಆಸುಪಾಸಿಗೆ ಇಳಿಯಿತು. ತಯಾರಾದ ಕಾರುಗಳ ಗುಣಮಟ್ಟ ಜಪಾನಿನ ಕಾರುಗಳಿಗೆ ಸರಿಸಾಟಿಯೆನಿಸಿತು.

ಇಲ್ಲಿ ಗೆದ್ದದ್ದು ತಂಡದ ಕೋಚ್‌ಗಳು ಮಾತ್ರವಲ್ಲ. ಸಾಲು ನಿಲ್ಲಿಸಿದವನನ್ನು ದಂಡಿಸುವುದಿಲ್ಲವೆಂದೂ, ಅನಿವಾರ್ಯ ಸ್ಥಿತಿ ಬಾರದ ಹೊರತು ಕೆಲಸದಿಂದ ತೆಗೆಯುವುದಿಲ್ಲವೆಂದೂ ಆಡಳಿತವೇ ಕಾರ್ಮಿಕರಿಗೆ ಭರವಸೆ ನೀಡಿತ್ತು. ಹಗ್ಗ ಎಳೆಯುವ ಧೈರ್ಯ ಬಂದದ್ದು ಆ ಭರವಸೆಯಿಂದ.

ಅದೇ ಪದ್ಧತಿಯನ್ನು ಜನರಲ್ ಮೋಟಾರ್ಸ್ ತನ್ನದೇ ಆದ ವ್ಯಾನ್ ನೈಸ್ ಕಾರ್ಖಾನೆಯಲ್ಲಿ 1987ರಲ್ಲಿ ಜಾರಿಗೆ ತರಲು ಹೊರಟಿತು. ತಂಡಗಳನ್ನು ರಚಿಸಲಾಯಿತು, ತರಬೇತಿ ನೀಡಲಾಯಿತು. ಆದರೆ ಮೇಲಿನವರು ಎಣಿಸುತ್ತಿದ್ದುದು ಸಾಲಿನಿಂದ ಹೊರಬಿದ್ದ ಕಾರುಗಳ ಸಂಖ್ಯೆಯನ್ನು. ಹಾಗಿರುವಾಗ ಸಾಲು ನಿಲ್ಲಿಸುವ ಹಗ್ಗವನ್ನು ಮುಟ್ಟುವವರಾರು? ಕಾರ್ಮಿಕರಿಗೂ ಹೊಸ ಪದ್ಧತಿಯ ಬಗ್ಗೆ ಸಂಶಯವಿತ್ತು. ಆ ಕಾರ್ಖಾನೆ 1992ರಲ್ಲಿ ಮುಚ್ಚಿತು. ನುಮ್ಮಿ 2010ರವರೆಗೆ ನಡೆಯಿತು.

ಕರ್ನಾಟಕದ ಬಿಡಿಭಾಗ ತಯಾರಕರಿಗೆ ಟೊಯೋಟಾದ ಈ ಪರಿಭಾಷೆ ಹೊಸದಲ್ಲ. ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ 1999ರ ಡಿಸೆಂಬರ್‌ನಲ್ಲಿ ಉತ್ಪಾದನೆ ಆರಂಭಿಸಿದಂದಿನಿಂದ ಕೈಜೆನ್, ಕಾನ್‌ಬನ್ ಎಂಬ ಪದಗಳು ಸರಬರಾಜುದಾರರ ನಿತ್ಯದ ಮಾತಿನಲ್ಲಿ ಸೇರಿವೆ. ಪದಗಳು ಕೆಲಸದ ಕೋಣೆಯವರೆಗೆ ಬಂದಷ್ಟು ಸುಲಭವಾಗಿ ಮಾಲೀಕರ ಕೋಣೆಯೊಳಕ್ಕೆ ಬಂದಿಲ್ಲವೆಂಬುದು ಬೇರೆ ಮಾತು.

ಮೇಲಿನಿಂದ ಬಂದ ಬದಲಾವಣೆಗಳು

ಸಾಫ್ಟ್‌ವೇರ್ ಜಗತ್ತಿನ ಎರಡು ಪ್ರಕರಣಗಳು ಉಲ್ಲೇಖಾರ್ಹ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ತನ್ನ ಕಡತಗಳನ್ನು ಕಂಪ್ಯೂಟರೀಕರಿಸುವ ಮೊದಲ ಯತ್ನವನ್ನು ಸುಮಾರು 17 ಕೋಟಿ ಡಾಲರ್ ವೆಚ್ಚವಾದ ಬಳಿಕ 2005ರಲ್ಲಿ ಕೈಬಿಟ್ಟಿತು. ಮರುವರ್ಷ 'ಸೆಂಟಿನೆಲ್' ಎಂಬ ಹೆಸರಿನಲ್ಲಿ ಹೊಸ ಯೋಜನೆಯನ್ನು ಗುತ್ತಿಗೆಗೆ ನೀಡಿತು. 2010ರ ವೇಳೆಗೆ 45.1 ಕೋಟಿ ಡಾಲರ್ ಆಯವ್ಯಯದಲ್ಲಿ 40.5 ಕೋಟಿ ಮುಗಿದಿತ್ತು. ನಾಲ್ಕು ಹಂತಗಳಲ್ಲಿ ಎರಡು ಮಾತ್ರ ಕೈಸೇರಿದ್ದವು. ಆಗ ಸಂಸ್ಥೆಯ ಮೇಲಧಿಕಾರಿಗಳು ಕೆಲಸದ ಹಿಡಿತವನ್ನು ಗುತ್ತಿಗೆದಾರರಿಂದ ತಮ್ಮ ಕೈಗೆ ತೆಗೆದುಕೊಂಡು, ಸಣ್ಣ ತಂಡವನ್ನು ಕಟ್ಟಿ, ಎರಡೆರಡು ವಾರಗಳ ಕಂತುಗಳಲ್ಲಿ ಕೆಲಸ ನಡೆಸಿದರು. 2012ರ ಜುಲೈನಲ್ಲಿ ಸೆಂಟಿನೆಲ್ ಬಳಕೆಗೆ ಬಂತು. ಎರಡು ವಾರಗಳ ಕಂತು ತಂಡದ ಮಟ್ಟದ ವಿಧಾನ, ನಿಜ. ಆದರೆ ಒಪ್ಪಂದದ ಸ್ವರೂಪವನ್ನೇ ಬದಲಿಸುವ ನಿರ್ಧಾರವಾಗದಿದ್ದರೆ ಆ ತಂಡ ಹುಟ್ಟುತ್ತಲೇ ಇರಲಿಲ್ಲ.

ನೆದರ್ಲೆಂಡ್ಸ್‌ನ ಐಎನ್‌ಜಿ ಬ್ಯಾಂಕು 2015ರಲ್ಲಿ ಇನ್ನೂ ದೂರ ಹೋಯಿತು. ತನ್ನ ಪ್ರಧಾನ ಕಚೇರಿಯ ಸುಮಾರು 3,500 ಸಿಬ್ಬಂದಿಯ ಹಳೆಯ ವಿಭಾಗಗಳನ್ನು ಬಿಚ್ಚಿ, ಸುಮಾರು ಒಂಬತ್ತು ಮಂದಿಯ ಪುಟ್ಟ ತಂಡಗಳನ್ನಾಗಿ ಮರುಜೋಡಿಸಿತು. ತಂಡಗಳಿಗೆ ಕೋಚ್‌ಗಳನ್ನು ಕೊಟ್ಟದ್ದಲ್ಲದೆ, ಹುದ್ದೆಗಳಿಗೆ ಎಲ್ಲರೂ ಹೊಸದಾಗಿ ಅರ್ಜಿ ಹಾಕಬೇಕೆಂದು ಸೂಚಿಸಿತು. ವರ್ಷಕ್ಕೆ ಐದಾರು ಬಾರಿ ಮಾತ್ರ ಹೊರಬರುತ್ತಿದ್ದ ಹೊಸ ಸೇವೆಗಳು ಎರಡು ಮೂರು ವಾರಗಳಿಗೊಮ್ಮೆ ಬರತೊಡಗಿದವು. ಇಂತಹ ಶಸ್ತ್ರಚಿಕಿತ್ಸೆಯನ್ನು 40 ಜನರ ಘಟಕದಲ್ಲಿ ಅನುಕರಿಸುವ ಅಗತ್ಯವಿಲ್ಲ. ಆದರೂ ಕೋಚ್‌ಗಳು ಬರುವ ಮೊದಲು ಅಧಿಕಾರದ ಗೆರೆಗಳು ಬದಲಾದವೆಂಬ ಅಂಶ ಗಮನಾರ್ಹ.

ಇದಕ್ಕೆ ಇನ್ನೊಂದು ಮುಖವೂ ಉಂಟು. ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕು 2023ರ ಜನವರಿಯಲ್ಲಿ ಅಜೈಲ್ ಕೆಲಸಕ್ಕೆಂದೇ ಮೀಸಲಾದ 1,100ಕ್ಕೂ ಹೆಚ್ಚು ಹುದ್ದೆಗಳನ್ನು ಒಮ್ಮೆಲೇ ರದ್ದುಪಡಿಸಿತು. ಆ ಕೆಲಸವನ್ನು ಎಂಜಿನಿಯರುಗಳ ನಿತ್ಯದ ಹೊಣೆಯಲ್ಲಿಯೇ ಸೇರಿಸಲಾಗುವುದೆಂಬುದು ಬ್ಯಾಂಕಿನ ವಿವರಣೆ. ಕೋಚ್‌ನ ಹುದ್ದೆ ಶಾಶ್ವತವಾಗಬೇಕಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ತಂಡದ ಕೋಚ್ ಕಲಿಸಿದ್ದನ್ನು ಮೇಲ್ವಿಚಾರಕನೇ ಮುಂದುವರಿಸಬಲ್ಲನಾದರೆ ಸಂಬಳಪಟ್ಟಿಯಲ್ಲಿ ಕೋಚ್‌ನ ಹೆಸರು ಏಕಿರಬೇಕು?

ಒಪ್ಪಂದಕ್ಕೆ ಸಹಿ ಹಾಕುವಾಗ

ಸಣ್ಣ ಘಟಕದಲ್ಲಿ ಇಬ್ಬರನ್ನು ನೇಮಿಸಿಕೊಳ್ಳುವುದು ಆಗದ ಮಾತು. ಅಲ್ಲಿ ಸಂಸ್ಥೆಯೆಂದರೆ ಬಹುಮಟ್ಟಿಗೆ ಮಾಲೀಕರೇ. ಆದುದರಿಂದ ತಂಡದ ಜೊತೆ ಎರಡು ದಿನ ಕಳೆಯುವ ಕೋಚ್ ಮಾಲೀಕರ ಜೊತೆ ಅರ್ಧ ದಿನವನ್ನಾದರೂ ಕಳೆಯುವಂತೆ ಒಪ್ಪಂದದಲ್ಲಿಯೇ ಬರೆಯಿಸುವುದು ಉಚಿತ. ಆ ಅರ್ಧ ದಿನಕ್ಕೆ ಮಾಲೀಕರು ಒಪ್ಪದಿದ್ದರೆ ಉಳಿದ ಎರಡು ದಿನಗಳ ಶುಲ್ಕವನ್ನೂ ಉಳಿಸಿಕೊಳ್ಳುವುದು ಮೇಲು. ಎರಡು ಮೂರು ಘಟಕಗಳುಳ್ಳ, ಅಣ್ಣ ತಮ್ಮಂದಿರು ಒಂದೊಂದನ್ನು ನೋಡಿಕೊಳ್ಳುವ ಕುಟುಂಬ ಸಂಸ್ಥೆಗಳಲ್ಲಿ ಕ್ರಮ ಬೇರೆಯಾಗುತ್ತದೆ. ಅಲ್ಲಿ ಖರೀದಿಯ ಹಾಗೂ ಮಂಜೂರಾತಿಯ ನಿಯಮಗಳನ್ನು ಸಂಸ್ಥೆಯ ಮಟ್ಟದಲ್ಲಿ ಮೊದಲು ಇತ್ಯರ್ಥಪಡಿಸದೆ ಒಂದು ಘಟಕದಲ್ಲಿ ಮಾತ್ರ ತಂಡದ ಕೋಚ್‌ನನ್ನು ಇಟ್ಟರೆ ಸುಧಾರಣೆಗಿಂತ ಮೊದಲು ಮನಸ್ತಾಪ ಬರುತ್ತದೆ.

ಮತ್ತೊಂದು ಸೂಕ್ಷ್ಮವಿದೆ. ಎರಡು ವಾರಗಳಿಗೊಮ್ಮೆ ತಂಡ ಮನಬಿಚ್ಚಿ ಆಡಿದ ಮಾತುಗಳನ್ನು ತಮಗೆ ವರದಿ ಮಾಡಬೇಕೆಂದು ಕೆಲವು ಮಾಲೀಕರು ಬಯಸುತ್ತಾರೆ. ಶುಲ್ಕ ಕೊಡುವವರಿಗೆ ಆ ಹಕ್ಕಿದೆ ಎಂದು ತೋರುವುದು ಸಹಜ. ಆದರೆ ಅಲ್ಲಿ ಆಡಿದ ಮಾತು ಯಾರಾದರೊಬ್ಬರ ವೇತನ ಬಡ್ತಿಯಲ್ಲಿ ಎದುರಾದ ಮರುದಿನದಿಂದ ಆ ಸಭೆಯಲ್ಲಿ ಹವಾಮಾನದ ವಿಚಾರವಷ್ಟೇ ಚರ್ಚೆಯಾಗುತ್ತದೆ. ಯಾವ ಅಡ್ಡಿ ಎಂಬುದು ಮಾಲೀಕರಿಗೆ ತಿಳಿಯಬೇಕು. ಯಾರು ಹೇಳಿದರೆಂಬುದು ತಿಳಿಯಬೇಕಿಲ್ಲ. ಇದನ್ನೂ ಒಪ್ಪಂದದಲ್ಲಿ ಬರೆಯಬಹುದು. ಅದರ ಜೊತೆಗೆ ಕೋಚ್ ಹೊರಡುವ ದಿನಾಂಕ, ಆ ವೇಳೆಗೆ ಅವನ ಕೆಲಸವನ್ನು ವಹಿಸಿಕೊಳ್ಳುವ ಮೇಲ್ವಿಚಾರಕನ ಹೆಸರು, ಅಳತೆಯಾಗಿ ಆರ್ಡರಿನಿಂದ ರವಾನೆಯವರೆಗಿನ ದಿನಗಳ ಸಂಖ್ಯೆ, ಇವಿಷ್ಟಿದ್ದರೆ ಸಾಕು.

ಕೇವಲ ಕಾರ್ಖಾನೆಯ ಕೆಲಸದ ಕೋಣೆಯ ಸುಧಾರಣೆ ಬೇಕೆನ್ನುವ ಸೂಕ್ಷ್ಮ, ಸಣ್ಣ ಹಾಗೂ ಮಧ್ಯಮ ಘಟಕಗಳು ದುಬಾರಿ ಕೋಚ್‌ಗಳತ್ತ ನೋಡುವ ಮುನ್ನ ಕೇಂದ್ರ ಸರ್ಕಾರದ ಲೀನ್ ಯೋಜನೆಯನ್ನು ಪರಿಶೀಲಿಸುವುದು ಒಳ್ಳೆಯದು. ಹಿಂದಿನ ಯೋಜನೆಯಲ್ಲಿ ಶೇ. 80ರಷ್ಟಿದ್ದ ಸರ್ಕಾರದ ಪಾಲನ್ನು 2023ರ ಮಾರ್ಚ್‌ನಲ್ಲಿ ಯೋಜನೆಗೆ ಹೊಸ ರೂಪ ನೀಡಿದಾಗ ಶೇ. 90ಕ್ಕೆ ಏರಿಸಲಾಯಿತು. ಪ್ರಾಥಮಿಕ, ಮಧ್ಯಮ ಹಾಗೂ ಉನ್ನತ ಎಂಬ ಮೂರು ಹಂತಗಳಿದ್ದು, 5ಎಸ್, ಕೈಜೆನ್, ಕಾನ್‌ಬನ್ ಮೊದಲಾದ ವಿಧಾನಗಳನ್ನು ಸಲಹೆಗಾರರ ನೆರವಿನಿಂದ ಅಳವಡಿಸಿಕೊಳ್ಳಲು ಅವಕಾಶ ಕಲ್ಪಿಸಲಾಗಿದೆ. ಮಾಲೀಕರ ಮೇಜಿನ ಮೇಲಿನ ಕಡತಗಳಿಗೆ ಅದರಲ್ಲಿ ಸಹಾಯಧನವಿಲ್ಲ.

ಕೊನೆಯದಾಗಿ ಲೆಕ್ಕ ಬರೆಯುವ ವಿಚಾರ. ಕೋಚ್‌ನ ಶುಲ್ಕದಿಂದ ಹಲವು ವರ್ಷ ಲಾಭವಿದೆಯೆಂದು ವಾದಿಸಿ ಅದನ್ನು ಆಸ್ತಿಯ ಭಾಗದಲ್ಲಿ ತೋರಿಸಿ, ಮೂರು ಅಥವಾ ಐದು ವರ್ಷಗಳಲ್ಲಿ ಹಂಚಲು ಬಯಸುವವರುಂಟು. ತರಬೇತಿಯ ವೆಚ್ಚವನ್ನು ಆದ ವರ್ಷದಲ್ಲಿಯೇ ಖರ್ಚು ಬರೆಯಬೇಕೆಂದು ಲೆಕ್ಕಪತ್ರ ಮಾನಕ 26 ಸ್ಪಷ್ಟವಾಗಿ ಹೇಳುತ್ತದೆ. ಶುಲ್ಕದ ಮೇಲೆ ಶೇ. 18ರ ಜಿಎಸ್‌ಟಿ ತೆರಬೇಕಾಗುತ್ತದೆ. ನಿಯತ ನೋಂದಣಿಯುಳ್ಳ, ತೆರಿಗೆಗೊಳಪಟ್ಟ ಸರಕು ತಯಾರಿಸುವ ಘಟಕಗಳಿಗೆ ಅದರ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಅದು ದೊರೆಯದ ಕಾರಣ, ಅವರು ಪ್ರಸ್ತಾವದಲ್ಲಿನ ದರಕ್ಕೆ ಈ ಮೊತ್ತವನ್ನೂ ಕೂಡಿಸಿಕೊಂಡೇ ಚೌಕಾಶಿಗೆ ಕೂರಬೇಕಾಗುತ್ತದೆ.